ರೋಗದ ಫಿಸಿಯಾಲಜಿ ಓದೋದು ಹೇಗೆ: ಅಂಗ ಹಿಡಿದೋ, ಬಗೆ ಹಿಡಿದೋ, ಕೇಸ್ ಹಿಡಿದೋ?

ಪ್ಯಾಥೋಫಿಸಿಯಾಲಜಿಯ, ಅಂದರೆ ರೋಗದ ಫಿಸಿಯಾಲಜಿಯ, ಮೊದಲ ಟೆಸ್ಟ್‌ನಲ್ಲಿ ನನಗೆ ಒಂದು ಪ್ರಶ್ನೆ ಬಂದಿತ್ತು. ಮೂತ್ರದಲ್ಲಿ ಪ್ರೋಟೀನ್ ಸೋರಿ ಹೋಗುತ್ತಿರುವ ಕಿಡ್ನಿ ರೋಗಿಗೆ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ. ಹೃದಯ ಸೋತ ರೋಗಿಗೆ ಸಂಜೆ ಹೊತ್ತಿಗೆ ಪಾದದಲ್ಲಿ ಊತ. ಎರಡೂ ಊತವೇ, ಮತ್ತೆ ಈ ವ್ಯತ್ಯಾಸ ಯಾಕೆ?

ನಾನು ಸುಮಾರು 300 ಪ್ರಶ್ನೋತ್ತರ ಕಾರ್ಡ್ ಬರೆದು ಉರು ಹೊಡೆದು ಹೋಗಿದ್ದೆ. ನೆಫ್ರೋಟಿಕ್ ಸಿಂಡ್ರೋಮ್ ಅಂದರೆ ದಿನಕ್ಕೆ 3.5 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಸೋರಿಕೆ, ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಕಡಿಮೆ, ಕೊಬ್ಬು ಜಾಸ್ತಿ, ಊತ ಅಂತ ಗಿಣಿಪಾಠ ಒಪ್ಪಿಸಿದೆ. ಬರೆದದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಕೇಳಿದ್ದಕ್ಕೆ ಉತ್ತರವೂ ಇರಲಿಲ್ಲ. ಅಂಕ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಆಮೇಲೆ ಈ ವಿಷಯವನ್ನು ನಾನು ಮೂರ್ನಾಲ್ಕು ರೀತಿಯಲ್ಲಿ ಓದಿ ನೋಡಿದೆ. ಕಿರಿಯರಿಗೆ ಹೇಳಿಕೊಡುವಾಗ ಅವರು ಎಲ್ಲಿ ಎಡವುತ್ತಾರೆ ಅಂತಲೂ ನೋಡಿದೆ. ಈ ಕೋರ್ಸ್‌ಗೆ ಈಗ ತಾನೇ ಸೇರಿದವರ ಮುಂದೆ ಇರುವ ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ಮೇಲಿನ ಪ್ರಶ್ನೆಗೆ ಉತ್ತರ ಕೊನೆಯಲ್ಲಿದೆ. ಅಲ್ಲಿಗೆ ಬರುವಷ್ಟರಲ್ಲಿ ನೀವೇ ಹೇಳುವಂತಾದರೆ ಇನ್ನೂ ಒಳ್ಳೆಯದು.

ಮೊದಲು ಒಂದು ಅಳತೆಗೋಲು

ಫಿಸಿಯಾಲಜಿ ದೇಹ ಸರಿಯಾಗಿದ್ದಾಗ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಹೇಳುತ್ತದೆ. ಪ್ಯಾಥಾಲಜಿ ಕೆಟ್ಟ ಅಂಗಾಂಶ ಹೇಗಿರುತ್ತದೆ, ಮೈಕ್ರೋಸ್ಕೋಪ್‌ನಲ್ಲಿ ಹೇಗೆ ಕಾಣುತ್ತದೆ ಅನ್ನುವುದನ್ನು ಹೇಳುತ್ತದೆ. ನಾವು ಓದುತ್ತಿರುವುದು ಇವೆರಡರ ನಡುವಿನದು. ಕೆಲಸ ಎಲ್ಲಿ ತಪ್ಪಿತು, ತಪ್ಪಿದ ಮೇಲೆ ದೇಹ ಏನು ಮಾಡಿತು ಅನ್ನುವ ಕಥೆ.

ಈ ಎರಡನೆಯ ಭಾಗವನ್ನೇ ಹೆಚ್ಚಿನವರು ಮರೆಯುವುದು. ರೋಗದ ಲಕ್ಷಣ ಅಂತ ನಾವು ಪಟ್ಟಿ ಮಾಡುವುದರಲ್ಲಿ ಅರ್ಧಕ್ಕರ್ಧ ರೋಗ ಮಾಡಿದ್ದಲ್ಲ, ದೇಹವೇ ಮಾಡಿದ್ದು. ರಕ್ತ ಸುರಿದು ಹೋದಾಗ ಎದೆ ಜೋರಾಗಿ ಬಡಿಯುತ್ತದೆ, ಚರ್ಮ ತಣ್ಣಗಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಇವೆಲ್ಲ ರಕ್ತದ ಒತ್ತಡ ಕುಸಿಯದಂತೆ ತಡೆಯಲು ದೇಹ ನಡೆಸುವ ಹೋರಾಟ. ಒಳಗಿನ ಸ್ಥಿತಿಯನ್ನು ಒಂದೇ ಹದದಲ್ಲಿ ಕಾಯುವ ಈ ಗುಣಕ್ಕೆ ವಾಲ್ಟರ್ ಕ್ಯಾನನ್ 1926ರಲ್ಲಿ ಹೋಮಿಯೋಸ್ಟಾಸಿಸ್ ಅಂತ ಹೆಸರಿಟ್ಟರು. ಕೋರ್ಸ್‌ನ ಮೊದಲ ದಿನ ಈ ಪದ ಬರುತ್ತದೆ. ಎರಡನೇ ದಿನಕ್ಕೆ ಎಲ್ಲರೂ ಮರೆತಿರುತ್ತಾರೆ.

ಹಾಗಾಗಿ ನನ್ನ ಅಳತೆಗೋಲು ಇದು. ಒಂದು ರೋಗ ತೆಗೆದುಕೊಳ್ಳಿ. ಕಾರಣದಿಂದ ಹೊರಟು, ಪ್ರತಿ ಹೆಜ್ಜೆಗೂ 'ಹಾಗಾಗಿ' ಅಂತ ಸೇರಿಸುತ್ತಾ, ರೋಗಿಯ ಲಕ್ಷಣದವರೆಗೆ ಬಾಯಲ್ಲಿ ಹೇಳಿ. ಎಲ್ಲಿ 'ಹಾಗಾಗಿ' ಹೇಳಲು ನಾಲಿಗೆ ತಡವರಿಸುತ್ತದೋ ಅಲ್ಲಿ ನಿಮಗೆ ಗೊತ್ತಿಲ್ಲ ಅಂತ ಅರ್ಥ. ಯಾವ ಪುಸ್ತಕ, ಯಾವ ವಿಡಿಯೋ, ಯಾವ ಓದುವ ಕ್ರಮ ಅನ್ನುವ ಪ್ರಶ್ನೆ ಬಂದಾಗಲೆಲ್ಲ ನಾನು ಕೇಳುವುದು ಒಂದೇ: ಈ ಸರಪಳಿ ಕಟ್ಟಲು ಇದು ಸಹಾಯ ಮಾಡುತ್ತದಾ, ಇಲ್ಲ ಕೊಂಡಿಗಳನ್ನು ಬಿಡಿಬಿಡಿಯಾಗಿ ಕೈಗೆ ಕೊಟ್ಟು ಹೋಗುತ್ತದಾ?

ಯಾವ ಕ್ರಮದಲ್ಲಿ ಓದೋದು

ಇಲ್ಲಿ ಮೂರು ದಾರಿಗಳಿವೆ. ನಿಮ್ಮ ಕಾಲೇಜು ಒಂದನ್ನು ಹಿಡಿದಿರುತ್ತದೆ, ಅದನ್ನು ನೀವು ಬದಲಿಸಲಾರಿರಿ. ಆದರೆ ಮನೆಯಲ್ಲಿ ಕೂತು ಓದುವ ಕ್ರಮ ನಿಮ್ಮದೇ ಅಲ್ವಾ.

ಮೊದಲನೆಯದು ಅಂಗ ಹಿಡಿದು ಹೋಗುವುದು. ಹೃದಯದ ರೋಗಗಳು, ಶ್ವಾಸಕೋಶದ ರೋಗಗಳು, ಕಿಡ್ನಿಯ ರೋಗಗಳು, ಹೀಗೆ. ಅಮೆರಿಕದ ಒಂದು ಮೆಡಿಕಲ್ ಶಾಲೆ, ಈಗಿನ ಕೇಸ್ ವೆಸ್ಟರ್ನ್ ರಿಸರ್ವ್, 1952ರಲ್ಲಿ ಇಡೀ ಪಠ್ಯಕ್ರಮವನ್ನು ಅಂಗವ್ಯೂಹಗಳ ಸುತ್ತ ಹೊಸದಾಗಿ ಕಟ್ಟಿತು. ಆಮೇಲೆ ಬೇರೆಯವರೂ ಅದೇ ದಾರಿ ಹಿಡಿದರು. ಇದರ ದೊಡ್ಡ ಅನುಕೂಲ ಅಂದರೆ ಪರಿಚಯ. ಫಿಸಿಯಾಲಜಿಯನ್ನೂ ಹೀಗೇ ಓದಿರುತ್ತೀರಿ. ಹಳೆಯ ಹೃದಯದ ಪಾಠ ತೆಗೆದು ಪಕ್ಕದಲ್ಲಿಟ್ಟುಕೊಂಡು ಹೊಸ ಪಾಠ ಓದಬಹುದು. ಇವತ್ತು ಏನು ಓದಿದೆ ಅಂತ ಕೇಳಿದರೆ ಒಂದೇ ಮಾತಲ್ಲಿ ಹೇಳಬಹುದು.

ತೊಂದರೆ ಎಲ್ಲಿ ಅಂದರೆ, ರೋಗಗಳು ಪಠ್ಯಪುಸ್ತಕದ ಅಧ್ಯಾಯ ನೋಡಿಕೊಂಡು ಬರುವುದಿಲ್ಲ. ದೀರ್ಘಕಾಲದ ಕಿಡ್ನಿ ರೋಗವನ್ನೇ ನೋಡಿ. ಕಿಡ್ನಿ ಎರಿಥ್ರೋಪೊಯಿಟಿನ್ ಅನ್ನುವ ಹಾರ್ಮೋನ್ ಮಾಡುತ್ತದೆ. ಅದು ಕಡಿಮೆಯಾದರೆ ಮೂಳೆಮಜ್ಜೆ ಕೆಂಪು ರಕ್ತಕಣಗಳನ್ನು ಸಾಕಷ್ಟು ಮಾಡುವುದಿಲ್ಲ. ಹಳೆಯ ಕಣಗಳು ಸುಮಾರು 120 ದಿನಕ್ಕೆ ಸಾಯುತ್ತಲೇ ಇರುತ್ತವೆ. ಹಾಗಾಗಿ ರಕ್ತಹೀನತೆ. ಇನ್ನೊಂದು ಕಡೆ, ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪ ಪಡೆಯುವುದೂ ಕಿಡ್ನಿಯಲ್ಲೇ. ಅದು ನಿಂತರೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರುವುದಿಲ್ಲ. ಜೊತೆಗೆ ಹೊರಗೆ ಹೋಗಬೇಕಾದ ಫಾಸ್ಫೇಟ್ ಒಳಗೇ ಉಳಿಯುತ್ತದೆ. ಪ್ಯಾರಾಥೈರಾಯ್ಡ್ ಗ್ರಂಥಿ ಎಚ್ಚೆತ್ತು ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತದೆ. ಹಾಗಾಗಿ ಮೂಳೆ ಸೊರಗುತ್ತದೆ. ಒಂದು ಅಂಗ ಕೆಟ್ಟಿತು, ಕಥೆ ರಕ್ತಕ್ಕೆ, ಕರುಳಿಗೆ, ಗ್ರಂಥಿಗೆ, ಮೂಳೆಗೆ ಹೋಯಿತು. ಅಂಗದ ಲೆಕ್ಕದಲ್ಲಿ ಓದಿದವರು ಇದನ್ನು ನಾಲ್ಕು ಬೇರೆ ಬೇರೆ ವಾರಗಳಲ್ಲಿ ಓದಿರುತ್ತಾರೆ. ಹೊಲಿಗೆ ಯಾರೂ ಹಾಕಿಕೊಟ್ಟಿರುವುದಿಲ್ಲ.

ಎರಡನೆಯದು ಕೆಡುವ ಬಗೆ ಹಿಡಿದು ಹೋಗುವುದು. ಇದರ ಹಿಂದೆ ಇರುವುದು ರುಡಾಲ್ಫ್ ವಿರ್ಕೋ 1858ರಲ್ಲಿ ಗಟ್ಟಿಯಾಗಿ ನಿಲ್ಲಿಸಿದ ವಿಚಾರ: ರೋಗ ಅನ್ನುವುದು ಕೊನೆಗೂ ಜೀವಕೋಶದ ಮಟ್ಟದಲ್ಲಿ ನಡೆಯುವ ಕೆಡುಕು. ಆ ಮಟ್ಟಕ್ಕೆ ಇಳಿದು ನೋಡಿದರೆ ಕೆಡುವ ಬಗೆಗಳು ಹೆಚ್ಚೇನಿಲ್ಲ. ಕೋಶಕ್ಕೆ ಆಮ್ಲಜನಕ ಸಿಗದೆ ಹೋಗುವುದು, ಉರಿಯೂತ, ರೋಗನಿರೋಧಕ ವ್ಯವಸ್ಥೆ ಹಾದಿ ತಪ್ಪುವುದು, ನೀರು ಮತ್ತು ಲವಣಗಳ ಏರುಪೇರು, ರಕ್ತ ಬೇಡದ ಕಡೆ ಹೆಪ್ಪುಗಟ್ಟುವುದು, ಕೋಶ ಮಿತಿಮೀರಿ ಬೆಳೆಯುವುದು, ಜೀನ್‌ನಲ್ಲೇ ತಪ್ಪಿರುವುದು. ಸೋಂಕು, ವಿಷ, ಕೊರತೆ ಇವೆಲ್ಲ ಹೆಚ್ಚಾಗಿ ಇವುಗಳಲ್ಲೇ ಒಂದರ ಬಾಗಿಲಿನಿಂದ ಒಳಗೆ ಬರುತ್ತವೆ.

ಮೊದಲ ಎರಡು ವಾರ ಇದು ಒಣ ಒಣ ಅನಿಸುತ್ತದೆ. ಸುಳ್ಳು ಹೇಳುವುದಿಲ್ಲ, ನನಗೂ ನಿದ್ದೆ ಬಂದಿದೆ. ರೋಗಿಯೇ ಇಲ್ಲದ ಕಥೆ, ಬರೀ ಕೋಶ, ಪೊರೆ, ರಾಸಾಯನಿಕ. ಆದರೆ ಒಮ್ಮೆ ಕೈಗೆ ಸಿಕ್ಕಿತು ಅಂದರೆ ಇದರಷ್ಟು ಲಾಭ ಇನ್ಯಾವುದರಲ್ಲೂ ಇಲ್ಲ. ಉರಿಯೂತದ ನಾಲ್ಕು ಗುರುತುಗಳನ್ನು ರೋಮ್‌ನ ಸೆಲ್ಸಸ್ ಸುಮಾರು 2000 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ: ಕೆಂಪು, ಬಿಸಿ, ಊತ, ನೋವು. ರಕ್ತನಾಳ ಹಿಗ್ಗಿತು, ಹಾಗಾಗಿ ಕೆಂಪು ಮತ್ತು ಬಿಸಿ. ನಾಳದ ಗೋಡೆ ಸಡಿಲವಾಗಿ ದ್ರವ ಹೊರಬಂತು, ಹಾಗಾಗಿ ಊತ. ಆ ಒತ್ತಡ, ಆ ರಾಸಾಯನಿಕಗಳು ನರವನ್ನು ಕೆಣಕಿದವು, ಹಾಗಾಗಿ ನೋವು. ಇದೇ ಸೋರಿಕೆ ಮಂಡಿಯಲ್ಲಿ ಆದರೆ ಕೀಲು ಊದುತ್ತದೆ. ಶ್ವಾಸಕೋಶದ ಗಾಳಿಚೀಲದಲ್ಲಿ ಆದರೆ ಗಾಳಿ ಇರಬೇಕಾದ ಕಡೆ ದ್ರವ ತುಂಬಿ, ಆಮ್ಲಜನಕ ರಕ್ತಕ್ಕೆ ದಾಟುವುದಿಲ್ಲ. ಅದಕ್ಕೆ ನ್ಯುಮೋನಿಯಾ ಅಂತೀವಿ. ಹೆಸರು ಬೇರೆ, ಆಟ ಒಂದೇ.

ಊತವನ್ನೇ ತೆಗೆದುಕೊಳ್ಳಿ. ಅತಿ ಸಣ್ಣ ರಕ್ತನಾಳ, ಅಂದರೆ ಕ್ಯಾಪಿಲರಿಯ ಗೋಡೆಯ ಎರಡು ಬದಿಗೆ ನಡೆಯುವ ಹಗ್ಗಜಗ್ಗಾಟವನ್ನು ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ವಿವರಿಸಿದರು. ರಕ್ತದ ಒತ್ತಡ ನೀರನ್ನು ಹೊರಕ್ಕೆ ತಳ್ಳುತ್ತದೆ. ಪಠ್ಯಗಳಲ್ಲಿ ಕೊಡುವ ಲೆಕ್ಕದಂತೆ, ನಾಳದ ಶುರುವಿನಲ್ಲಿ ಅದು ಸುಮಾರು 35 ಮಿಲಿಮೀಟರ್ ಪಾದರಸ, ಕೊನೆಗೆ ಬರುವಷ್ಟರಲ್ಲಿ ಸುಮಾರು 15. ರಕ್ತದಲ್ಲಿರುವ ಪ್ರೋಟೀನ್, ಮುಖ್ಯವಾಗಿ ಆಲ್ಬುಮಿನ್, ಸುಮಾರು 25ರಷ್ಟು ಬಲದಿಂದ ನೀರನ್ನು ಒಳಗೆ ಹಿಡಿದಿಡುತ್ತದೆ. ಹೊರಗೆ ಉಳಿದ ಸ್ವಲ್ಪ ದ್ರವವನ್ನು ಲಿಂಫ್ ನಾಳಗಳು ಎತ್ತಿಕೊಂಡು ಹೋಗುತ್ತವೆ. ಇಷ್ಟು ಗೊತ್ತಿದ್ದರೆ ಊತ ಬರಲು ಎಷ್ಟು ದಾರಿಗಳಿವೆ ಅಂತ ನೀವೇ ಎಣಿಸಬಹುದು. ತಳ್ಳುವ ಒತ್ತಡ ಜಾಸ್ತಿಯಾಗಬೇಕು: ಹೃದಯ ಸೋತಾಗ, ಕಾಲಿನ ಸಿರೆಯಲ್ಲಿ ಹೆಪ್ಪು ಕೂತಾಗ. ಇಲ್ಲವೇ ಹಿಡಿದಿಡುವ ಪ್ರೋಟೀನ್ ಕಡಿಮೆಯಾಗಬೇಕು: ಕಿಡ್ನಿ ಸೋರಿದಾಗ, ಲಿವರ್ ಆಲ್ಬುಮಿನ್ ಮಾಡದಾದಾಗ. ಇಲ್ಲವೇ ಗೋಡೆಯೇ ತೂತಾಗಬೇಕು: ಸುಟ್ಟಗಾಯ, ಅಲರ್ಜಿ, ಉರಿಯೂತ. ಇಲ್ಲವೇ ಲಿಂಫ್ ನಾಳ ಕಟ್ಟಿಕೊಳ್ಳಬೇಕು: ಆನೆಕಾಲು ರೋಗದಲ್ಲಿ ಆಗುವುದು ಅದೇ. ಇವುಗಳ ಮೇಲೆ ಕಿಡ್ನಿ ಉಪ್ಪು ಮತ್ತು ನೀರನ್ನು ಹಿಡಿದಿಟ್ಟರೆ ಊತ ಇನ್ನೂ ಏರುತ್ತದೆ.

ಅಂಗದ ಲೆಕ್ಕದಲ್ಲಿ ಇವು ಹತ್ತಾರು ರೋಗಗಳ ಹತ್ತಾರು ಪಟ್ಟಿಗಳು. ಬಗೆಯ ಲೆಕ್ಕದಲ್ಲಿ ಒಂದು ಗೋಡೆ, ನಾಲ್ಕು ತಪ್ಪು. ಮುಂದೆ ಹೆಸರೇ ಕೇಳದ ರೋಗ ಬಂದು, ಅದರಲ್ಲಿ ಊತ ಇದೆ ಅಂದರೆ, ನಾಲ್ಕರಲ್ಲಿ ಯಾವುದು ಅಂತ ಯೋಚಿಸಲು ಶುರು ಮಾಡಬಹುದು.

ಮೂರನೆಯದು ಕೇಸ್ ಹಿಡಿದು ಹೋಗುವುದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಶುರುವಾದ ಕ್ರಮ ಇದು. ಮೊದಲೇ ಪಾಠ ಇಲ್ಲ. ಒಬ್ಬ ರೋಗಿಯ ಕಥೆ ಕೊಡುತ್ತಾರೆ: ಸುಸ್ತು, ಮೂಳೆ ನೋವು, ತುರಿಕೆ, ಏರಿದ ಬಿಪಿ. ಏನಾಗಿರಬಹುದು, ಅದಕ್ಕೆ ನಮಗೆ ಏನೇನು ಗೊತ್ತಿರಬೇಕು ಅಂತ ಸಣ್ಣ ಗುಂಪಿನಲ್ಲಿ ಚರ್ಚೆ. ಆಮೇಲೆ ಓದು. ಮೇಲೆ ಹೇಳಿದ ಕಿಡ್ನಿಯ ಕಥೆ ಇಲ್ಲಿ ಒಂದೇ ಏಟಿಗೆ ಹೊಲಿಗೆಯಾಗುತ್ತದೆ. ಮಜಾ ಕೂಡ ಇರುತ್ತದೆ, ಪತ್ತೇದಾರಿಕೆ ಇದ್ದ ಹಾಗೆ.

ಆದರೆ ಪರಿಚಯದ ಕೋರ್ಸ್‌ನಲ್ಲಿ ಕೇಸ್ ಒಂದನ್ನೇ ನಂಬಿ ಕೂರುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಬುಡ ಗಟ್ಟಿ ಇಲ್ಲದವರು ಕೇಸ್ ಮುಂದೆ ಕೂತರೆ ಯೋಚಿಸುವುದಿಲ್ಲ, ಸುಮ್ನೆ ಊಹಿಸುತ್ತಾರೆ. ಗುಂಪಿನಲ್ಲಿ ಚುರುಕಾದ ಒಬ್ಬರು ಉತ್ತರ ಹೇಳಿಬಿಟ್ಟರೆ ಉಳಿದವರಿಗೆ ತಾವೂ ಕಲಿತೆವು ಅನ್ನುವ ಭ್ರಮೆ. ಜೊತೆಗೆ ಕೇಸ್‌ನಲ್ಲಿ ಬಾರದ ವಿಷಯ ಹಾಗೇ ಉಳಿದು ಹೋಗುತ್ತದೆ.

ನನ್ನ ಮಾತು ಕೇಳುವುದಾದರೆ, ಮೂರರಲ್ಲಿ ಒಂದನ್ನು ಆರಿಸುವುದಕ್ಕಿಂತ ಯಾವುದು ಮೊದಲು ಅನ್ನುವುದನ್ನು ಆರಿಸಿ. ಮೊದಲ ಮೂರು ವಾರ ಬಗೆ. ಆಮೇಲೆ ಕ್ಲಾಸ್ ಹೇಗಿದೆಯೋ ಹಾಗೆ ಅಂಗ. ಪ್ರತಿ ವಾರದ ಕೊನೆಗೆ ಒಂದು ಕೇಸ್, ಕಲಿಯಲು ಅಲ್ಲ, ಸರಪಳಿ ಎಲ್ಲಿ ತುಂಡಾಗಿದೆ ಅಂತ ನೋಡಲು. ಕಾಲೇಜಿನಲ್ಲಿ ನೇರವಾಗಿ ಹೃದಯದಿಂದಲೇ ಶುರು ಮಾಡಿದ್ದರೆ? ಚಿಂತೆ ಬೇಡ. ಪುಸ್ತಕದ ಮುಂಭಾಗದಲ್ಲಿ ಕೋಶದ ಹಾನಿ, ಉರಿಯೂತ, ದ್ರವ ಅನ್ನುವ ಅಧ್ಯಾಯಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಎಲ್ಲರೂ ಹಾರಿಸಿ ಮುಂದೆ ಹೋಗುವ ಅಧ್ಯಾಯಗಳು ಅವು. ಒಂದು ರಜಾದಿನ ಅವಕ್ಕೆ ಕೊಡಿ.

ಪುಸ್ತಕವೋ, ನೋಟ್ಸೋ, ವಿಡಿಯೋನೋ

ಇದನ್ನು ಬೇಗ ಮುಗಿಸೋಣ. ದಪ್ಪ ಪುಸ್ತಕದಲ್ಲಿ 'ಯಾಕೆ' ಇರುತ್ತದೆ. ಕ್ಲಾಸ್ ನೋಟ್ಸ್‌ನಲ್ಲಿ 'ಏನು' ಇರುತ್ತದೆ. ವಿಡಿಯೋದಲ್ಲಿ ಚಲನೆ ಇರುತ್ತದೆ.

ಸ್ಲೈಡ್‌ನ ಚುಟುಕು ಸಾಲುಗಳು ಸರಪಳಿಯ ಕೊಂಡಿಗಳನ್ನು ಒಂದರ ಕೆಳಗೆ ಒಂದು ಇಟ್ಟಿರುತ್ತವೆ, ಆದರೆ ಕೊಂಡಿಗೆ ಕೊಂಡಿ ಸೇರಿಸುವ ಮಾತು ಮೇಷ್ಟ್ರ ಬಾಯಲ್ಲೇ ಉಳಿದಿರುತ್ತದೆ. ಕ್ಲಾಸ್‌ನಲ್ಲಿ ಸ್ಲೈಡ್‌ನಲ್ಲಿರುವುದನ್ನೇ ಮತ್ತೆ ಬರೆದುಕೊಳ್ಳಬೇಡಿ. ಸ್ಲೈಡ್‌ನಲ್ಲಿ ಇಲ್ಲದೆ ಅವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಿ. ಪರೀಕ್ಷೆಗೆ ಏನು ಬರುತ್ತದೆ, ಎಷ್ಟು ಆಳಕ್ಕೆ ಹೋಗಬೇಕು ಅನ್ನುವುದಕ್ಕೆ ನೋಟ್ಸೇ ದಾರಿದೀಪ. ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಹಟ ಬೇಡ. ನೋಟ್ಸ್‌ನಲ್ಲಿ 'ಹಾಗಾಗಿ' ಸಿಗದ ಜಾಗವನ್ನು ಗುರುತು ಹಾಕಿಕೊಂಡು, ಆ ಒಂದು ಪ್ಯಾರಾ ಹುಡುಕಿ ಓದಿ.

ವಿಡಿಯೋ ಬಗ್ಗೆ ಒಂದು ಎಚ್ಚರಿಕೆ. ಹೃದಯದ ಕವಾಟ ತೆರೆದು ಮುಚ್ಚುವುದು, ಕಿಡ್ನಿಯ ಸೋಸುವ ಘಟಕವಾದ ನೆಫ್ರಾನ್‌ನಲ್ಲಿ ಲವಣ ಓಡಾಡುವುದು ಇಂಥವಕ್ಕೆ ವಿಡಿಯೋ ಮೀರಿದ್ದಿಲ್ಲ. ಆದರೆ ಹೇಳುವವರು ಚೆನ್ನಾಗಿ ಹೇಳಿದಷ್ಟೂ ನಮಗೆ ಅರ್ಥವಾಯಿತು ಅನಿಸುತ್ತದೆ. ನೋಡಿ ಮುಗಿಸಿದ ಮೇಲೆ ಪರದೆ ಮುಚ್ಚಿ, ಖಾಲಿ ಹಾಳೆಯ ಮೇಲೆ ಅದನ್ನೇ ಬಿಡಿಸಲು ಕೂತು ನೋಡಿ. ಆಗ ಗೊತ್ತಾಗುತ್ತದೆ ಅಸಲು ವಿಷಯ.

ಕಾರ್ಡೋ, ಬಾಣದ ಚಿತ್ರವೋ

ಜಗಳ ಜಾಸ್ತಿ ಇರುವುದು ಇಲ್ಲಿ. ಕಾರ್ಡ್ ಅಂದರೆ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಬಾಣದ ಚಿತ್ರ ಅಂದರೆ ಕಾರಣದಿಂದ ಪರಿಣಾಮಕ್ಕೆ ಬಾಣ ಎಳೆಯುತ್ತಾ ಹೋಗುವ ನಕ್ಷೆ.

ಕಾರ್ಡ್‌ಗೆ ಅನ್ಯಾಯ ಮಾಡಬಾರದು. ಹೆರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಎಷ್ಟು ಬೇಗ ಸೋರಿ ಹೋಗುತ್ತದೆ ಅಂತ ತೋರಿಸಿದ್ದ. ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಂಡರೆ ಮಾತ್ರ ನಿಲ್ಲುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಮನೋವಿಜ್ಞಾನಿಗಳು ಇನ್ನೊಂದು ವಿಷಯ ತೋರಿಸಿದರು. ಒಂದು ಪಾಠವನ್ನು ಮತ್ತೆ ಓದಿದವರು ಐದು ನಿಮಿಷ ಆದ ಮೇಲಿನ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಮತ್ತೆ ಓದುವ ಬದಲು ನೆನಪಿನಿಂದ ಬರೆದು ನೋಡಿದವರೇ ಮುಂದೆ. ಪುಸ್ತಕದಲ್ಲಿ ಹಳದಿ ಗೆರೆ ಎಳೆಯುತ್ತಾ ಕೂರುವವರು ಇದನ್ನು ಒಮ್ಮೆ ಯೋಚಿಸಬೇಕು.

ಹಾಗಾದರೆ ನನ್ನ 300 ಕಾರ್ಡ್ ಯಾಕೆ ಕೈಕೊಟ್ಟವು? ನೆನಪಿಸಿಕೊಳ್ಳುವ ಕ್ರಮ ಸರಿಯಿತ್ತು, ಕಾರ್ಡ್ ಮೇಲೆ ಬರೆದದ್ದರಲ್ಲಿ 'ಯಾಕೆ' ಇರಲಿಲ್ಲ. ಒಂದು ಉದಾಹರಣೆ ನೋಡಿ.

ಡಯಾಬಿಟಿಕ್ ಕೀಟೋಆಸಿಡೋಸಿಸ್, ಅಂದರೆ ಡಯಾಬಿಟಿಸ್‌ನಲ್ಲಿ ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ಏರುವ ಸ್ಥಿತಿ. ಕಾರ್ಡ್‌ನಲ್ಲಿ ಹೀಗಿರುತ್ತದೆ: ಸಕ್ಕರೆ ಜಾಸ್ತಿ, ಬಾಯಾರಿಕೆ, ಮೂತ್ರ ಜಾಸ್ತಿ, ಆಳವಾದ ವೇಗದ ಉಸಿರು, ಪೊಟ್ಯಾಶಿಯಂ ಜಾಸ್ತಿ. ಐದು ಬಿಡಿ ಮಾತು. ಈಗ ಬಾಣ ಎಳೆಯೋಣ. ಇನ್ಸುಲಿನ್ ಇಲ್ಲ. ಹಾಗಾಗಿ ಸ್ನಾಯು ಮತ್ತು ಕೊಬ್ಬಿನ ಕೋಶಗಳು ಗ್ಲೂಕೋಸ್ ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಲಿವರ್ ಬೇರೆ, ದೇಹ ಹಸಿದಿದೆ ಅಂದುಕೊಂಡು ಇನ್ನಷ್ಟು ಗ್ಲೂಕೋಸ್ ಮಾಡಿ ಸುರಿಯುತ್ತದೆ. ರಕ್ತದಲ್ಲಿ ಅದು ಡೆಸಿಲೀಟರ್‌ಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಕಿಡ್ನಿಗೆ ಎಲ್ಲವನ್ನೂ ಮತ್ತೆ ಹೀರಲು ಆಗುವುದಿಲ್ಲ. ಹಾಗಾಗಿ ಗ್ಲೂಕೋಸ್ ಮೂತ್ರಕ್ಕೆ ಇಳಿಯುತ್ತದೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಮೂತ್ರ ಜಾಸ್ತಿ, ಹಾಗಾಗಿ ದೇಹ ಒಣಗಿತು, ಹಾಗಾಗಿ ಬಾಯಾರಿಕೆ. ಇನ್ನೊಂದು ಕವಲು: ಇನ್ಸುಲಿನ್ ಇಲ್ಲದ್ದರಿಂದ ಕೊಬ್ಬು ಕರಗುತ್ತದೆ, ಲಿವರ್ ಅದನ್ನು ಕೀಟೋನ್ ಮಾಡುತ್ತದೆ. ಇವುಗಳಲ್ಲಿ ಮುಖ್ಯವಾದವು ಆಮ್ಲ. 7.35ರಿಂದ 7.45ರ ನಡುವೆ ಇರಬೇಕಾದ ರಕ್ತದ ಪಿಎಚ್ ಇಳಿಯುತ್ತದೆ. ಆಮ್ಲ ಕಡಿಮೆ ಮಾಡಲು ದೇಹಕ್ಕೆ ಇರುವ ಬೇಗದ ದಾರಿ ಇಂಗಾಲದ ಡೈಆಕ್ಸೈಡ್ ಹೊರಹಾಕುವುದು. ಹಾಗಾಗಿ ಆಳವಾದ ಉಸಿರು. ಅಡಾಲ್ಫ್ ಕುಸ್‌ಮಾಲ್ 1874ರಲ್ಲಿ ವಿವರಿಸಿದ ಉಸಿರು ಇದೇ. ಶ್ವಾಸಕೋಶದಲ್ಲಿ ಏನೂ ತೊಂದರೆ ಇಲ್ಲ, ಅದು ಬೇರೆಯವರ ತಪ್ಪು ಸರಿಪಡಿಸುತ್ತಿದೆ.

ಪೊಟ್ಯಾಶಿಯಂ ಕಥೆ ಎಲ್ಲಕ್ಕಿಂತ ಚೆನ್ನಾಗಿದೆ. ಅದನ್ನು ಕೋಶದ ಒಳಗೆ ಹಿಡಿದಿಡಲು ಇನ್ಸುಲಿನ್ ಬೇಕು. ಇನ್ಸುಲಿನ್ ಇಲ್ಲದಾಗ, ರಕ್ತ ಗಟ್ಟಿಯಾಗಿ ಕೋಶದ ನೀರನ್ನು ಎಳೆಯುವಾಗ, ಪೊಟ್ಯಾಶಿಯಂ ಹೊರಗೆ ಬರುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮಾಮೂಲಿಯಾಗಿ ಅಥವಾ ಜಾಸ್ತಿ ಕಾಣುತ್ತದೆ. ಆದರೆ ಅದೇ ಹೊತ್ತಿಗೆ ಮೂತ್ರದಲ್ಲಿ ಸೋರಿ ಹೋಗುತ್ತಲೇ ಇದೆ. ಅಂದರೆ ದೇಹದ ಒಟ್ಟು ಲೆಕ್ಕದಲ್ಲಿ ಕೊರತೆ. ಚಿಕಿತ್ಸೆಗೆ ಇನ್ಸುಲಿನ್ ಕೊಟ್ಟ ಕೂಡಲೇ ಪೊಟ್ಯಾಶಿಯಂ ಕೋಶದೊಳಗೆ ನುಗ್ಗುತ್ತದೆ, ರಕ್ತದಲ್ಲಿ ಸರ್ರನೆ ಇಳಿಯುತ್ತದೆ, ಹೃದಯದ ಬಡಿತ ತಪ್ಪುವ ಅಪಾಯ. 'ಪೊಟ್ಯಾಶಿಯಂ ಜಾಸ್ತಿ' ಅಂತ ಬರೆದ ಕಾರ್ಡ್ ಈ ಅಪಾಯವನ್ನು ಮುಚ್ಚಿಡುತ್ತದೆ. ಬಾಣ ಎಳೆದವರಿಗೆ ಅದು ಕಣ್ಣಿಗೆ ಬೀಳುತ್ತದೆ.

ಆದರೆ ಬಾಣದ ಚಿತ್ರಕ್ಕೂ ತನ್ನದೇ ಕಾಯಿಲೆ ಇದೆ. ಬಣ್ಣ ಬಣ್ಣದ ಪೆನ್ನು ಹಿಡಿದು, ಪುಸ್ತಕ ನೋಡಿಕೊಂಡು ಚೆಂದದ ನಕ್ಷೆ ಮಾಡಿದರೆ ಅದು ಚಿತ್ರಕಲೆ, ಓದು ಅಲ್ಲ. ಪುಸ್ತಕ ಮುಚ್ಚಿ ಬಿಡಿಸಿ. ಕೆಟ್ಟದಾಗಿ ಬರಲಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದ ಬಾಣವನ್ನು ಬೇರೆ ಬಣ್ಣದಲ್ಲಿ ಹಾಕಿ. ನಾಳೆ ಮತ್ತೆ ಬಿಡಿಸಿ.

ಕಾರ್ಡ್ ಎಲ್ಲಿ ಬೇಕು? ತರ್ಕದಿಂದ ಹೊರತೆಗೆಯಲು ಆಗದ ಮಾಹಿತಿಗೆ. ರಕ್ತದಲ್ಲಿ ಲೀಟರ್‌ಗೆ ಇಷ್ಟು ಮಿಲಿಮೋಲ್ ಅನ್ನುವ ಲೆಕ್ಕದಲ್ಲಿ ಸೋಡಿಯಂ 135ರಿಂದ 145, ಪೊಟ್ಯಾಶಿಯಂ 3.5ರಿಂದ 5, ಬೈಕಾರ್ಬನೇಟ್ 22ರಿಂದ 26, ಬರಿಹೊಟ್ಟೆಯ ಸಕ್ಕರೆ ಡೆಸಿಲೀಟರ್‌ಗೆ 126 ಮಿಲಿಗ್ರಾಂ ಅಥವಾ ಮೇಲಿದ್ದರೆ ಡಯಾಬಿಟಿಸ್. ಇವನ್ನು ಯೋಚಿಸಿ ಕಂಡುಹಿಡಿಯಲು ಆಗದು, ನೆನಪಿಡಲೇಬೇಕು. ಲ್ಯಾಬ್‌ನಿಂದ ಲ್ಯಾಬ್‌ಗೆ ಅಂಕಿಗಳು ಒಂಚೂರು ಆಚೀಚೆ ಇರುತ್ತವೆ, ನಿಮ್ಮ ಕೋರ್ಸ್ ಕೊಟ್ಟದ್ದನ್ನೇ ಹಿಡಿಯಿರಿ. ಒಂದನ್ನೊಂದು ಹೋಲುವ ಜೋಡಿ ರೋಗಗಳಿಗೂ ಕಾರ್ಡ್ ಚೆನ್ನಾಗಿ ಒಗ್ಗುತ್ತದೆ. ಕರುಳಿನ ಉರಿಯೂತದ ಎರಡು ರೋಗ ನೋಡಿ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಾದರೂ ಬರಬಹುದು, ಬಿಟ್ಟು ಬಿಟ್ಟು ಬರುತ್ತದೆ, ಕರುಳಿನ ಗೋಡೆಯ ಪೂರಾ ದಪ್ಪಕ್ಕೂ ಇಳಿಯುತ್ತದೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಸೀಮಿತ, ಎಡೆ ಬಿಡದೆ ಹರಡುತ್ತದೆ, ಒಳಪದರದಲ್ಲೇ ಇರುತ್ತದೆ. ಇವೆರಡನ್ನೂ ಒಂದೇ ಕಾರ್ಡ್‌ನಲ್ಲಿ ಎದುರುಬದುರು ಇಡಿ. ಬೇರೆ ಬೇರೆ ಕಾರ್ಡ್ ಮಾಡಿದರೆ ಪರೀಕ್ಷೆಯ ದಿನ ಎರಡೂ ಕಲಸಿಹೋಗುತ್ತವೆ.

ಕಾರ್ಡ್ ಬಿಡಲು ಮನಸ್ಸಿಲ್ಲದವರು ಪ್ರಶ್ನೆಯನ್ನಾದರೂ ಬದಲಿಸಿ. 'ಕೀಟೋಆಸಿಡೋಸಿಸ್‌ನ ಲಕ್ಷಣಗಳೇನು' ಅಂತ ಬರೆಯುವ ಬದಲು 'ಶ್ವಾಸಕೋಶ ಸರಿಯಿದ್ದರೂ ಉಸಿರು ಯಾಕೆ ಆಳವಾಗುತ್ತದೆ' ಅಂತ ಬರೆಯಿರಿ. ಅದೇ ಕಾರ್ಡ್, ಅದೇ ಸಮಯ, ಕೆಲಸ ಎರಡರಷ್ಟು.

ಫಿಸಿಯಾಲಜಿ ಮೊದಲು ಮುಗಿಸಬೇಕಾ?

ಹಳೆಯ ಫಿಸಿಯಾಲಜಿ ಮರೆತುಹೋಗಿದೆ, ಅದನ್ನು ಪೂರ್ತಿ ಓದಿ ಆಮೇಲೆ ಇದಕ್ಕೆ ಬರುತ್ತೇನೆ ಅನ್ನುವವರು ಬಹಳ. ನಾನು ಬೇಡ ಅಂತೇನೆ. ಪೂರ್ತಿ ಓದು ಯಾವತ್ತೂ ಮುಗಿಯುವುದಿಲ್ಲ. ಮುಗಿಯುವಷ್ಟರಲ್ಲಿ ಮೊದಲು ಓದಿದ್ದು ಮತ್ತೆ ಮರೆತಿರುತ್ತದೆ. ಹಾಗಂತ ಏನೂ ನೋಡದೆ ಕ್ಲಾಸ್‌ಗೆ ಹೋದರೆ ತಲೆಬುಡ ತಿಳಿಯುವುದಿಲ್ಲ. ಆಯಾ ಪಾಠದ ಹಿಂದಿನ ದಿನ ಅರ್ಧ ಗಂಟೆ, ನಾಳೆ ಬೇಕಾದಷ್ಟನ್ನು ಮಾತ್ರ ನೋಡಿ. ಹೃದಯ ವೈಫಲ್ಯದ ಪಾಠಕ್ಕೆ ಮುಂಚೆ ಹೃದಯದ ಪೂರ್ತಿ ಅನಾಟಮಿ ಬೇಡ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೇಗೆ ಹೊರಬರುತ್ತದೆ, ಅದು ಕಡಿಮೆಯಾದರೆ ಕಿಡ್ನಿಗೆ ಏನು ಅನಿಸುತ್ತದೆ, ಇಷ್ಟು ಸಾಕು.

ಒಂದೇ ಒಂದು ಅಪವಾದ. ಕಿಡ್ನಿ ಮತ್ತು ಆಮ್ಲ-ಕ್ಷಾರದ ಫಿಸಿಯಾಲಜಿ ನಿಮಗೆ ಗಟ್ಟಿ ಇಲ್ಲದಿದ್ದರೆ, ಅದನ್ನು ಮಾತ್ರ ಮೊದಲೇ ಕೂತು ಸರಿಮಾಡಿಕೊಳ್ಳಿ. ಹೃದಯ, ಶ್ವಾಸಕೋಶ, ಹಾರ್ಮೋನ್, ಯಾವ ಪಾಠಕ್ಕೆ ಹೋದರೂ ಕಿಡ್ನಿ ಅಲ್ಲಿ ಬಂದು ಕೂತಿರುತ್ತದೆ.

ಒಬ್ಬರೇ ಓದೋದಾ, ಜೊತೆಗಾರರ ಜೊತೆಯಾ ಅಂದರೆ, ಓದುವುದು ಒಬ್ಬರೇ, ಹೇಳುವುದು ಇನ್ನೊಬ್ಬರಿಗೆ. ಇಬ್ಬರಿದ್ದರೆ ಸಾಕು. ಕೇಳುವವರ ಕೆಲಸ ಒಂದೇ, ಪ್ರತಿ ವಾಕ್ಯಕ್ಕೂ 'ಯಾಕೆ' ಅಂತ ಕಾಡುವುದು. ಐದು ಜನ ಸೇರಿದರೆ ಅದು ಹರಟೆಕಟ್ಟೆ.

ಇನ್ನೊಂದು ಮಾತು, ಯಾರೂ ಮೊದಲೇ ಹೇಳುವುದಿಲ್ಲ. ಈ ಕೋರ್ಸ್ ಓದುವಾಗ ಓದಿದ ರೋಗವೆಲ್ಲ ನಮಗೇ ಇದೆ ಅನಿಸುತ್ತದೆ. ಥೈರಾಯ್ಡ್ ವಾರದಲ್ಲಿ ಕತ್ತು ಮುಟ್ಟಿ ನೋಡಿಕೊಳ್ಳದವರನ್ನು ನಾನು ಕಂಡಿಲ್ಲ. ವೈದ್ಯ ವಿದ್ಯಾರ್ಥಿಗಳಲ್ಲಿ ಇದು ಎಷ್ಟು ಮಾಮೂಲಿ ಅಂದರೆ ಇದಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಮುಂದಿನ ಅಧ್ಯಾಯಕ್ಕೆ ಹೋದರೆ ಹೆಚ್ಚಿನ ಸಲ ಹಳೆಯ ರೋಗ ವಾಸಿಯಾಗಿ ಹೊಸದು ಶುರುವಾಗುತ್ತದೆ. ನಿಜವಾಗಿ ತೊಂದರೆ ಇದೆ ಅನಿಸಿದರೆ ಡಾಕ್ಟರ್‌ಗೆ ತೋರಿಸಿ, ಪಠ್ಯಪುಸ್ತಕಕ್ಕೆ ಅಲ್ಲ.

ಪರೀಕ್ಷೆಗೆ ಎರಡೇ ವಾರ ಇದ್ದರೆ

ಆಗ ಮೇಲಿನ ಅರ್ಧ ಸಲಹೆ ಬಿಟ್ಟುಬಿಡಿ. ದಪ್ಪ ಪುಸ್ತಕ ಮುಚ್ಚಿಡಿ. ನೋಟ್ಸ್‌ನಲ್ಲಿ ಮೇಷ್ಟ್ರು ಜಾಸ್ತಿ ಹೊತ್ತು ಕಳೆದ ಹತ್ತು ರೋಗಗಳನ್ನು ಆರಿಸಿ. ದಿನಕ್ಕೊಂದು, ನೋಡದೆ ಬಾಣದ ಚಿತ್ರ. ಹೃದಯ ವೈಫಲ್ಯ, ಶಾಕ್ (ಅಂಗಗಳಿಗೆ ಸಾಕಷ್ಟು ರಕ್ತ ಸಿಗದಾಗುವುದು), ಡಯಾಬಿಟಿಸ್, ಕಿಡ್ನಿ ವೈಫಲ್ಯ, ಲಿವರ್ ಸಿರೋಸಿಸ್, ಆಸ್ತಮಾ ಈ ಆರು ಬಂದರೆ ದೇಹದ ಬಹುತೇಕ ದೊಡ್ಡ ಸರಪಳಿಗಳು ಕೈಗೆ ಸಿಕ್ಕಂತೆ. ಅಂಕಿಗಳ ಕಾರ್ಡ್ ಮಲಗುವ ಮುಂಚೆ ಹತ್ತು ನಿಮಿಷ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊನೆಗೆ ಅಂತ ಎತ್ತಿಡಬೇಡಿ, ಮೊದಲ ದಿನವೇ ಒಂದು ಬಿಡಿಸಿ. ಎಷ್ಟು ಬಂತು ಅನ್ನುವುದಕ್ಕಲ್ಲ, ಅವರು 'ಏನು' ಕೇಳುತ್ತಾರಾ 'ಯಾಕೆ' ಕೇಳುತ್ತಾರಾ ಅಂತ ತಿಳಿಯಲು. ಬರೀ 'ಏನು' ಕೇಳುವ ಪರೀಕ್ಷೆಯಾದರೆ, ಒಪ್ಪಿಕೊಳ್ಳೋಣ, ಕಾರ್ಡ್‌ನವರೇ ಗೆಲ್ಲುತ್ತಾರೆ.

ಈಗ ಆ ಮೊದಲ ಪ್ರಶ್ನೆ.

ಕಿಡ್ನಿ ರೋಗಿಯ ರಕ್ತದಲ್ಲಿ ಆಲ್ಬುಮಿನ್ ಕಡಿಮೆ, ಜೊತೆಗೆ ಕಿಡ್ನಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತಿದೆ. ಹಾಗಾಗಿ ದ್ರವ ಒಂದು ಕಡೆ ಅಲ್ಲ, ಮೈಯೆಲ್ಲ ಸೋರುತ್ತದೆ. ರಾತ್ರಿ ಅಂಗಾತ ಮಲಗಿದಾಗ ಅದು ಕಾಲಿಗೆ ಇಳಿಯುವುದಿಲ್ಲ. ಕಣ್ಣಿನ ಸುತ್ತಲಿನ ಅಂಗಾಂಶ ಮೈಯಲ್ಲೇ ತೀರಾ ಸಡಿಲ, ಹಾಗಾಗಿ ಅಲ್ಲಿ ಬೇಗ ತುಂಬಿಕೊಳ್ಳುತ್ತದೆ. ಹಗಲು ಓಡಾಡಿದ ಮೇಲೆ ಅದೇ ನೀರು ಕೆಳಗಿಳಿಯುತ್ತದೆ, ಅವರಿಗೂ ಸಂಜೆ ಕಾಲು ಊದಬಹುದು.

ಹೃದಯ ಸೋತವರಲ್ಲಿ ರಕ್ತ ಮುಂದೆ ಹೋಗದೆ ಸಿರೆಗಳಲ್ಲಿ ನಿಲ್ಲುತ್ತದೆ, ಅಲ್ಲಿನ ಒತ್ತಡ ಏರುತ್ತದೆ. ನಿಂತಾಗ, ಕೂತಾಗ ಅದರ ಮೇಲೆ ಇಡೀ ರಕ್ತದ ಕಂಬದ ಭಾರವೂ ಪಾದದ ಮೇಲೇ ಬೀಳುತ್ತದೆ. ಹಾಗಾಗಿ ಸಂಜೆಗೆ ಪಾದ ಊದುತ್ತದೆ. ಮಲಗಿದರೆ ಕಾಲಿನ ನೀರು ರಕ್ತಕ್ಕೆ ವಾಪಸ್ ಬಂದು, ಮೊದಲೇ ಸೋತ ಹೃದಯಕ್ಕೆ ಇನ್ನಷ್ಟು ಹೊರೆ, ಶ್ವಾಸಕೋಶದಲ್ಲಿ ದಟ್ಟಣೆ, ಉಸಿರು ಕಟ್ಟುತ್ತದೆ. ಹಾಗಾಗಿ ಇಂಥ ಎಷ್ಟೋ ರೋಗಿಗಳು ಎರಡು ಮೂರು ದಿಂಬು ಇಟ್ಟು ಒರಗಿಯೇ ಮಲಗುತ್ತಾರೆ. ತಲೆ ಎತ್ತರದಲ್ಲೇ ಉಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಅವರ ಮುಖ ಊದಿರುವುದು ಕಡಿಮೆ.